ಬಾಯಿಂದ ಕಲಿತವರು, ಹಾಳೆಯಲ್ಲಿ ಬರೆದವರು: ಕೂಫಾದ ಮುಸ್‌ಹಫ್ ವ್ಯಾಜ್ಯ

ಕ್ರಿ.ಶ. 650ರ ಆಸುಪಾಸಿನಲ್ಲಿ ಇರಾಕಿನ ಕೂಫಾ ಪಟ್ಟಣಕ್ಕೆ ಮದೀನಾದಿಂದ ಕುರ್‌ಆನಿನ ಹೊಸ ಪ್ರತಿಯೊಂದು ಬಂತು. ಅದರ ಬೆನ್ನಿಗೇ ಒಂದು ಅಪ್ಪಣೆಯೂ ಬಂತು: ಇನ್ನು ಮುಂದೆ ಈ ಪ್ರತಿಯೇ ಪ್ರಮಾಣ, ಜನರ ಬಳಿ ಇರುವ ಉಳಿದ ಬರಹಗಳನ್ನೆಲ್ಲ ಸುಟ್ಟುಹಾಕಬೇಕು. ಅಪ್ಪಣೆ ಮೂರನೆಯ ಖಲೀಫ ಉಸ್ಮಾನರದು. ಅದನ್ನು ಕೇಳಿದ ಆ ಊರಿನ ಕುರ್‌ಆನ್ ಗುರು ಅಬ್ದುಲ್ಲಾ ಬಿನ್ ಮಸ್‌ಊದ್ ಅವರು ಕೂಫಾದ ಜನರೆದುರು ನಿಂತು ಹೇಳಿದ ಮಾತು ಹದೀಸ್ ಸಂಗ್ರಹಗಳಲ್ಲಿ ಇಂದಿಗೂ ಉಳಿದಿದೆ. ನಿಮ್ಮ ಮುಸ್‌ಹಫ್‌ಗಳನ್ನು, ಅಂದರೆ ಬರೆದಿಟ್ಟ ಕುರ್‌ಆನ್ ಪ್ರತಿಗಳನ್ನು, ಬಚ್ಚಿಡಿ ಎಂದರು ಅವರು. ಪ್ರವಾದಿಯವರ ಬಾಯಿಂದ ನಾನು ಎಪ್ಪತ್ತಕ್ಕೂ ಹೆಚ್ಚು ಸೂರಾಗಳನ್ನು (ಅಧ್ಯಾಯಗಳನ್ನು) ಕಲಿತಾಗ, ಈ ಪ್ರತಿಯನ್ನು ಸಿದ್ಧಪಡಿಸಿದ ಝೈದ್ ಎರಡು ಜುಟ್ಟು ಬಿಟ್ಟುಕೊಂಡು ಹುಡುಗರೊಂದಿಗೆ ಆಡುತ್ತಿದ್ದ. ಈಗ ಅವನ ಪಾಠದಂತೆ ನಾನು ಓದಬೇಕೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು.

ಆದಿ ಇಸ್ಲಾಮಿನಲ್ಲಿ ಓದು ಬರಹ ಎಂದ ಕೂಡಲೇ ನಮ್ಮ ಚರ್ಚೆ ಒಂದೇ ಪ್ರಶ್ನೆಗೆ ಹೋಗಿ ನಿಲ್ಲುತ್ತದೆ: ಪ್ರವಾದಿಯವರಿಗೆ ಓದಲು ಬರುತ್ತಿತ್ತೇ, ಇಲ್ಲವೇ? ಕುರ್‌ಆನ್ ಅವರನ್ನು ‘ಉಮ್ಮೀ’ ಎಂದು ಕರೆಯುತ್ತದೆ. ಅಕ್ಷರ ಕಲಿಯದವರು ಎಂಬುದು ಅದರ ಸಾಂಪ್ರದಾಯಿಕ ಅರ್ಥ. ಧರ್ಮಗ್ರಂಥ ಇಲ್ಲದ ಜನಾಂಗಕ್ಕೆ ಸೇರಿದವರು ಎಂಬ ಅರ್ಥವನ್ನೂ ಹಲವು ಸಂಶೋಧಕರು ಹೇಳುತ್ತಾರೆ. ಆ ಪ್ರಶ್ನೆ ಮುಖ್ಯವಾದದ್ದೇ. ಆದರೆ ನನ್ನನ್ನು ಹೆಚ್ಚು ಕಾಡುವುದು ಕೂಫಾದ ಈ ಘಟನೆ, ಏಕೆಂದರೆ ಇಲ್ಲಿ ಎದುರುಬದುರಾದ ಇಬ್ಬರಿಗೂ ಓದು ಬರಹ ಚೆನ್ನಾಗಿಯೇ ಬರುತ್ತಿತ್ತು. ಇಬ್ನ್ ಮಸ್‌ಊದರ ಬಳಿ ಅವರದೇ ಆದ ಮುಸ್‌ಹಫ್ ಇತ್ತು. ಝೈದ್ ಬಿನ್ ಸಾಬಿತ್ ಅವರಿಗೂ ಕುರ್‌ಆನ್ ಕಂಠಸ್ಥವಾಗಿತ್ತು. ಹಾಗಿದ್ದ ಮೇಲೆ ಜಗಳ ಯಾವುದಕ್ಕೆ? ದೇವವಾಣಿಗೆ ಸಾಕ್ಷಿ ಹೇಳುವ ಹಕ್ಕು ಕೇಳಿ ಕಲಿತವನಿಗೋ ಅಥವಾ ಆಳುವವರು ಒಪ್ಪಿಸಿದ ಹಾಳೆಗೋ ಎಂಬುದಕ್ಕೆ.

ಅಕ್ಷರ ಬಲ್ಲವರು ಎಷ್ಟು ಜನ?

9ನೇ ಶತಮಾನದ ಇತಿಹಾಸಕಾರ ಬಲಾಝುರಿ ಒಂದು ಪಟ್ಟಿ ಕೊಡುತ್ತಾನೆ. ಇಸ್ಲಾಮ್ ಬಂದಾಗ ಮಕ್ಕಾದ ಕುರೈಶರಲ್ಲಿ ಬರೆಯಲು ಬಲ್ಲ ಗಂಡಸರು 17 ಮಂದಿ. ಉಮರ್, ಉಸ್ಮಾನ್, ಅಲಿ ಅವರಲ್ಲಿದ್ದರು. ಅವನು ಹೆಂಗಸರನ್ನೂ ಬಿಟ್ಟಿಲ್ಲ. ಶಿಫಾ ಬಿಂತ್ ಅಬ್ದುಲ್ಲಾ ಬರೆಯಬಲ್ಲವರಾಗಿದ್ದರು, ಉಮರರ ಮಗಳೂ ಪ್ರವಾದಿಯವರ ಪತ್ನಿಯೂ ಆದ ಹಫ್ಸಾ ಅವರಿಗೆ ಬರವಣಿಗೆ ಕಲಿಸಿದವರು ಅವರೇ. ಆಯಿಶಾ ಅವರು ಮುಸ್‌ಹಫ್ ಓದುತ್ತಿದ್ದರು, ಆದರೆ ಬರೆಯುತ್ತಿರಲಿಲ್ಲ. ಓದುವುದು ಒಂದು ವಿದ್ಯೆ, ಬರೆಯುವುದು ಇನ್ನೊಂದು ಎಂಬ ಈ ಭೇದವನ್ನು ನೆನಪಿಡಬೇಕು. ಹದಿನೇಳು ಎಂಬ ಲೆಕ್ಕವನ್ನು ಅಕ್ಷರಶಃ ಹಿಡಿಯಬೇಕಾಗಿಲ್ಲ. ವ್ಯಾಪಾರದ ಊರಿನಲ್ಲಿ ಬರವಣಿಗೆ ಇತ್ತು, ಆದರೆ ಅದು ಕೆಲವರ ಕಸುಬಾಗಿತ್ತು ಎಂಬಷ್ಟನ್ನು ಅದು ಹೇಳುತ್ತದೆ. ಸಾಲದ ವ್ಯವಹಾರವನ್ನು ಲಿಪಿಕಾರನಿಂದ ಬರೆಸಿಕೊಳ್ಳಿ ಎಂದು ವಿಧಿಸುವ 2ನೇ ಅಧ್ಯಾಯದ 282ನೇ ಸೂಕ್ತ ಕುರ್‌ಆನಿನಲ್ಲೇ ಅತಿ ಉದ್ದದ್ದು.

624ರಲ್ಲಿ ಬದ್ರ್ ಯುದ್ಧ ನಡೆಯಿತು. ಸೆರೆಸಿಕ್ಕ ಮಕ್ಕಾದವರ ಪೈಕಿ ಒತ್ತೆಹಣ ಕೊಡಲಾರದ ಅಕ್ಷರಸ್ಥರು ತಲಾ ಹತ್ತು ಮಂದಿ ಮದೀನಾದ ಹುಡುಗರಿಗೆ ಬರವಣಿಗೆ ಕಲಿಸಿದರೆ ಬಿಡುಗಡೆ ಎಂದಾಯಿತು. ಹಾಗೆ ಕಲಿತವರಲ್ಲಿ ಝೈದ್ ಒಬ್ಬರು ಎಂದು ಇಬ್ನ್ ಸಅದ್ ಬರೆಯುತ್ತಾನೆ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಝೈದ್‌ಗೆ ಹನ್ನೊಂದು ವರ್ಷ. ಮುಂದೆ ಪ್ರವಾದಿಯವರ ಮಾತಿನಂತೆ ಯಹೂದಿಗಳ ಲಿಪಿಯನ್ನೂ ಹದಿನೈದು ದಿನಗಳಲ್ಲಿ ಕಲಿತು ಅವರ ಪತ್ರವ್ಯವಹಾರ ನೋಡಿಕೊಂಡರು. ಝೈದ್‌ರ ಬದುಕನ್ನು ಕಟ್ಟಿದ್ದೇ ಲೇಖನಿ.

ಇಬ್ನ್ ಮಸ್‌ಊದರದು ಬೇರೆಯೇ ದಾರಿ. ಮಕ್ಕಾದ ಸಿರಿವಂತ ಉಕ್ಬಾನ ಕುರಿಗಳನ್ನು ಕಾಯುತ್ತಿದ್ದವರು, ಹಿಂದೆ ಕುಲದ ಬಲವಿಲ್ಲದವರು, ಸಣ್ಣ ಮೈಕಟ್ಟಿನವರು. ಇಸ್ಲಾಮ್ ಸ್ವೀಕರಿಸಿದ ಮೊದಮೊದಲಿಗರಲ್ಲಿ ಒಬ್ಬರು. ಕಾಬಾದ ಬಳಿ ಪ್ರವಾದಿಯವರ ನಂತರ ಮೊದಲು ಗಟ್ಟಿಯಾಗಿ ಕುರ್‌ಆನ್ ಪಠಿಸಿದವರು ಅವರೇ, ಕುರೈಶರು ಮುಖಕ್ಕೆ ಹೊಡೆಯುತ್ತಿದ್ದರೂ ಪಠಣ ನಿಲ್ಲಿಸಲಿಲ್ಲ ಎಂದು ಇಬ್ನ್ ಇಸ್‌ಹಾಕ್ ಹೇಳುತ್ತಾನೆ. ಒಮ್ಮೆ ಪ್ರವಾದಿಯವರು ತಾವೇ ಕೇಳಬೇಕೆಂದು ಅವರಿಂದ ಓದಿಸಿದರು. 4ನೇ ಅಧ್ಯಾಯದ 41ನೇ ಸೂಕ್ತಕ್ಕೆ ಬಂದಾಗ ಕೇಳುತ್ತಿದ್ದವರ ಕಣ್ಣು ತುಂಬಿತ್ತು. ಕುರ್‌ಆನನ್ನು ನಾಲ್ವರಿಂದ ಕಲಿಯಿರಿ ಎಂಬ ಪ್ರವಾದಿಯವರ ಮಾತಿನಲ್ಲಿ ಮೊದಲ ಹೆಸರು ಇಬ್ನ್ ಮಸ್‌ಊದರದು. ಆ ನಾಲ್ವರಲ್ಲಿ ಝೈದ್ ಇಲ್ಲ.

ಕೂಫಾದಲ್ಲಿ ಅವರಾಡಿದ ಮಾತನ್ನು ಮುದುಕನೊಬ್ಬನ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವವರು ಈ ಹಿನ್ನೆಲೆಯನ್ನು ಮರೆಯುತ್ತಾರೆ.

ಯಮಾಮಾದಿಂದ ಮದೀನಾಕ್ಕೆ

ಪ್ರವಾದಿಯವರು 632ರಲ್ಲಿ ತೀರಿಕೊಂಡರು. ಹೆಚ್ಚು ದಿನ ಕಳೆಯುವ ಮೊದಲೇ ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಸ್ಥ ಮಾಡಿದ್ದವರು ಅನೇಕರು ಸತ್ತರು. ಆ ನಾಲ್ವರಲ್ಲಿ ಒಬ್ಬರಾದ ಸಾಲಿಮ್ ಕೂಡ ಅಲ್ಲೇ ಮಡಿದರು. ಕಂಠದಲ್ಲಿ ಇಟ್ಟದ್ದು ಕಂಠದೊಂದಿಗೆ ಹೋಗುತ್ತದೆ ಎಂಬ ಭಯ ಉಮರರಿಗೆ ಹುಟ್ಟಿದ್ದು ಆಗ. ಅವರು ಖಲೀಫ ಅಬೂಬಕರರ ಮನವೊಲಿಸಿದರು, ಅಬೂಬಕರರು ಝೈದ್‌ರನ್ನು ಕರೆಸಿದರು. ನೀನು ಯುವಕ, ಬುದ್ಧಿವಂತ, ನಿನ್ನ ಮೇಲೆ ನಮಗೆ ಸಂಶಯವಿಲ್ಲ, ಪ್ರವಾದಿಯವರಿಗಾಗಿ ವಾಣಿಯನ್ನು ಬರೆಯುತ್ತಿದ್ದವನು ನೀನು ಎಂದರು. ಈ ನಾಲ್ಕೂ ಗುಣಗಳನ್ನು ಇನ್ನೊಮ್ಮೆ ನೋಡಿ: ಇವು ಗುರುವಿನ ಲಕ್ಷಣಗಳಾಗಿರದೆ ಒಳ್ಳೆಯ ಗುಮಾಸ್ತನ ಲಕ್ಷಣಗಳಾಗಿವೆ. ಅಬೂಬಕರರು ಹುಡುಕುತ್ತಿದ್ದುದೂ ಅಂಥವನನ್ನೇ. ಬೆಟ್ಟವೊಂದನ್ನು ಕದಲಿಸು ಎಂದಿದ್ದರೂ ಇಷ್ಟು ಭಾರವಾಗುತ್ತಿರಲಿಲ್ಲ ಎಂದು ಝೈದ್ ಮುಂದೆ ನೆನಪಿಸಿಕೊಂಡರು. ಖರ್ಜೂರದ ಗರಿಯ ದಂಟು, ತೆಳುವಾದ ಬಿಳಿಗಲ್ಲು, ಜನರ ಎದೆ, ಈ ಮೂರರಿಂದಲೂ ಅವರು ಸೂಕ್ತಗಳನ್ನು ಒಟ್ಟುಮಾಡಿದರು. ಹಾಳೆಗಳ ಆ ಕಟ್ಟು ಅಬೂಬಕರರಿಂದ ಉಮರರಿಗೆ, ಉಮರರಿಂದ ಹಫ್ಸಾ ಅವರಿಗೆ ಬಂತು. ಒಂದು ಧರ್ಮದ ಮೂಲಗ್ರಂಥ ವರ್ಷಗಟ್ಟಲೆ ಬರವಣಿಗೆ ಬಲ್ಲ ಒಬ್ಬ ಹೆಂಗಸಿನ ಮನೆಯಲ್ಲಿತ್ತು.

ಸುಮಾರು ಇಪ್ಪತ್ತು ವರ್ಷ ಆ ಕಟ್ಟನ್ನು ಯಾರೂ ಹೊರಗೆ ತರಲಿಲ್ಲ. ಅಷ್ಟರಲ್ಲಿ ರಾಜ್ಯ ಬೆಳೆದಿತ್ತು. 638ರಲ್ಲಿ ಸೇನೆಯ ಬೀಡಾಗಿ ಕಟ್ಟಿದ ಕೂಫಾಕ್ಕೆ ಉಮರರು ಇಬ್ನ್ ಮಸ್‌ಊದರನ್ನು ಗುರುವಾಗಿ, ಖಜಾನೆಯ ಅಧಿಕಾರಿಯಾಗಿ ಕಳಿಸಿದ್ದರು. ಅಲ್ಲಿ ಒಂದು ಇಡೀ ಪೀಳಿಗೆ ಅವರ ಬಾಯಿಂದ ಕುರ್‌ಆನ್ ಕಲಿತಿತ್ತು. ಸಿರಿಯಾದವರು ಬೇರೆ ಗುರುಗಳಿಂದ ಕಲಿತಿದ್ದರು. ಅರ್ಮೇನಿಯಾ, ಅಜರ್‌ಬೈಜಾನ್ ಕಡೆಯ ದಂಡಯಾತ್ರೆಯಲ್ಲಿ ಈ ಎರಡು ಸೇನೆಗಳು ಒಟ್ಟುಗೂಡಿದಾಗ ಒಬ್ಬರ ಪಠಣ ಇನ್ನೊಬ್ಬರ ಕಿವಿಗೆ ತಪ್ಪಾಗಿ ಕೇಳಿತು. ಸೇನಾನಿ ಹುದೈಫಾ ಗಾಬರಿಯಿಂದ ಮದೀನಾಕ್ಕೆ ಬಂದು, ಯಹೂದಿಗಳೂ ಕ್ರೈಸ್ತರೂ ತಮ್ಮ ಗ್ರಂಥದ ಬಗ್ಗೆ ಒಡೆದುಹೋದಂತೆ ಈ ಸಮುದಾಯ ಒಡೆಯುವ ಮೊದಲು ಏನಾದರೂ ಮಾಡಿ ಎಂದು ಉಸ್ಮಾನರನ್ನು ಬೇಡಿಕೊಂಡರು.

ಉಸ್ಮಾನರು ಹಫ್ಸಾರಿಂದ ಹಾಳೆಗಳನ್ನು ತರಿಸಿ, ಮರಳಿಸುವ ಮಾತು ಕೊಟ್ಟು, ಝೈದ್‌ರ ಕೈಗಿತ್ತರು. ಜೊತೆಗೆ ಕುರೈಶರ ಮೂವರನ್ನು ಸೇರಿಸಿದರು: ಅಬ್ದುಲ್ಲಾ ಬಿನ್ ಝುಬೈರ್, ಸಈದ್ ಬಿನ್ ಆಸ್, ಅಬ್ದುರ್ರಹ್ಮಾನ್ ಬಿನ್ ಹಾರಿಸ್. ಭೇದ ಬಂದರೆ ಕುರೈಶರ ನುಡಿಯಂತೆ ಬರೆಯಿರಿ ಎಂದರು. ‘ತಾಬೂತ್’ ಎಂಬ ಪದದ ಕೊನೆಗೆ ಯಾವ ಅಕ್ಷರ ಬರೆಯಬೇಕು ಎಂಬುದೇ ಅವರ ನಡುವೆ ಎದ್ದ ಭೇದಕ್ಕೆ ಉದಾಹರಣೆಯಾಗಿ ಉಳಿದಿದೆ; ಝೈದ್ ಮದೀನಾದ ರೀತಿಯಲ್ಲಿ ‘ತಾಬೂಹ್’ ಎಂದರು, ಕುರೈಶರ ‘ತಾಬೂತ್’ ಗೆದ್ದಿತು. ಈ ಮಟ್ಟದ ಕಾಗುಣಿತ ಖಲೀಫನವರೆಗೆ ಹೋಯಿತು ಎಂದರೆ ಬರಹಕ್ಕೆ ಆಗ ಎಂಥ ತೂಕ ಬಂದಿತ್ತೆಂದು ತಿಳಿಯುತ್ತದೆ.

ಕೂಫಾದಲ್ಲಿದ್ದ ಇಬ್ನ್ ಮಸ್‌ಊದರನ್ನು ಯಾರೂ ಕರೆಯಲಿಲ್ಲ. ಕೆಲಸ ಮದೀನಾದಲ್ಲಿ ತುರ್ತಾಗಿ ನಡೆಯಬೇಕಿತ್ತು, ಮೇಲಾಗಿ ಅಬೂಬಕರರ ಕಾಲದ ಹಾಳೆಗಳನ್ನು ಬರೆದವರೇ ಝೈದ್ ಎಂದು ನಂತರದ ವಿದ್ವಾಂಸರು ಸಮರ್ಥಿಸಿದರು. ಸಮರ್ಥನೆಯಲ್ಲಿ ಹುರುಳಿದೆ. ಆದರೂ ದೇಶದಲ್ಲೇ ಹೆಸರಾದ ಗುರುವನ್ನು ಒಂದು ಮಾತು ಕೇಳದೆ ಅವರ ಊರಿಗೆ ಪ್ರತಿಯನ್ನೂ ಬೆಂಕಿಯನ್ನೂ ಒಟ್ಟಿಗೆ ಕಳಿಸಿದ್ದು ನೋವಿನ ಸಂಗತಿಯೇ.

ಆ ನೋವಿಗೆ ಹಳೆಯ ಗಾಯವೂ ಸೇರಿತ್ತು. ಉಸ್ಮಾನರು ಕೂಫಾಕ್ಕೆ ರಾಜ್ಯಪಾಲನಾಗಿ ಕಳಿಸಿದ್ದು ವಲೀದ್ ಬಿನ್ ಉಕ್ಬಾನನ್ನು, ಇಬ್ನ್ ಮಸ್‌ಊದರು ಯಾರ ಕುರಿ ಕಾಯುತ್ತಿದ್ದರೋ ಅದೇ ಉಕ್ಬಾನ ಮಗನನ್ನು. ಅವನು ಖಜಾನೆಯಿಂದ ಪಡೆದ ಸಾಲವನ್ನು ಹಿಂದಿರುಗಿಸದೆ ಹೋದಾಗ ಇಬ್ನ್ ಮಸ್‌ಊದರು ಒತ್ತಾಯಿಸಿದರು. ನೀನು ನಮ್ಮ ಖಜಾಂಚಿ ಮಾತ್ರ ಎಂಬ ಉತ್ತರ ಉಸ್ಮಾನರಿಂದ ಬಂತು. ನಾನು ಮುಸ್ಲಿಮರ ಖಜಾಂಚಿ ಎಂದುಕೊಂಡಿದ್ದೆ ಎಂದು ಅವರು ಬೀಗದ ಕೈಗಳನ್ನು ಎಸೆದರು ಎಂದು ಬಲಾಝುರಿ ದಾಖಲಿಸುತ್ತಾನೆ. ವಲೀದ್‌ನ ನಂತರ ಆ ಊರಿಗೆ ರಾಜ್ಯಪಾಲನಾಗಿ ಬಂದವನು ಝೈದ್‌ರ ಜೊತೆ ಪ್ರತಿ ಬರೆದ ಸಈದ್ ಬಿನ್ ಆಸ್. ಬರಹದ ಅಧಿಕಾರವೂ ರಾಜ್ಯದ ಅಧಿಕಾರವೂ ಒಂದೇ ಮನೆಯಿಂದ ಬರುತ್ತಿವೆ ಎಂದು ಕೂಫಾದವರಿಗೆ ಅನಿಸಿದ್ದರೆ ಅದು ಬರೀ ಭ್ರಮೆಯಾಗಿರಲಿಲ್ಲ.

ಹಾಳೆ ತಾನೇ ಓದಿಕೊಳ್ಳುವುದಿಲ್ಲ

ಈಗ ಆ ಹಾಳೆಯ ಮೇಲೆ ನಿಜವಾಗಿ ಏನಿತ್ತು ಎಂಬುದನ್ನು ನೋಡೋಣ. ಇಡೀ ಪ್ರಕರಣದ ಗಂಟು ಇರುವುದು ಅಲ್ಲಿ.

ಆ ಕಾಲದ ಅರಬ್ಬಿ ಬರಹದಲ್ಲಿ ಹ್ರಸ್ವ ಸ್ವರಗಳ ಗುರುತೇ ಇರಲಿಲ್ಲ. ವ್ಯಂಜನಗಳನ್ನು ಬೇರ್ಪಡಿಸುವ ಚುಕ್ಕಿಗಳ ಅರಿವು ಇತ್ತು. ಹಿಜ್‌ರಿ 22, ಅಂದರೆ 643ರ ಪಪೈರಸ್ ರಸೀದಿಯೊಂದರಲ್ಲಿ ಅವು ಕಾಣುತ್ತವೆ. ಆದರೆ ಆದಿಕಾಲದ ಮುಸ್‌ಹಫ್ ಹಾಳೆಗಳಲ್ಲಿ ಚುಕ್ಕಿಗಳು ತೀರ ವಿರಳ. ಚುಕ್ಕಿ ತೆಗೆದರೆ ಪದದ ನಡುವಿನ ಬ, ತ, ನ, ಯ ಎಲ್ಲವೂ ಒಂದೇ ಸಣ್ಣ ಹಲ್ಲಿನಂತೆ ಕಾಣುತ್ತವೆ. ಕನ್ನಡದಲ್ಲಿ ಯಾರಾದರೂ ‘ಕ’, ‘ಡ’ ಎಂಬ ಎರಡೇ ಅಕ್ಷರ ಬರೆದು, ಕಾಡು, ಕೇಡು, ಕೋಡು, ಕೂಡು ಇವುಗಳಲ್ಲಿ ಯಾವುದೆಂದು ನೀವೇ ಓದಿಕೊಳ್ಳಿ ಎಂದರೆ ಹೇಗೋ ಹಾಗೆ. ವಾಕ್ಯ ಮೊದಲೇ ಗೊತ್ತಿರುವವನಿಗೆ ಅದು ಸಾಕು. ಗೊತ್ತಿಲ್ಲದವನಿಗೆ ಅದು ಒಗಟು.

ಉದಾಹರಣೆಗೆ 49ನೇ ಅಧ್ಯಾಯದ 6ನೇ ಸೂಕ್ತ: ನಂಬಲರ್ಹನಲ್ಲದವನು ಸುದ್ದಿ ತಂದರೆ ‘ಫತಬಯ್ಯನೂ’, ವಿಚಾರಿಸಿ ಸ್ಪಷ್ಟಪಡಿಸಿಕೊಳ್ಳಿ. ಅದೇ ಗೀಟುಗಳಿಗೆ ಚುಕ್ಕಿಗಳನ್ನು ಬೇರೆಯಾಗಿ ಇಟ್ಟರೆ ‘ಫತಸಬ್ಬತೂ’, ಆತುರಪಡದೆ ಖಚಿತಪಡಿಸಿಕೊಳ್ಳಿ. ಕೂಫಾದ ಪ್ರಸಿದ್ಧ ಪಠಣಕಾರರಾದ ಹಮ್ಝಾ ಮತ್ತು ಕಿಸಾಯಿ ಎರಡನೆಯ ರೀತಿ ಓದಿದರು. ಎರಡೂ ಅಂಗೀಕೃತ ಪಾಠಗಳೇ. ಹಮ್ಝಾ ಅವರ ಬಗ್ಗೆಯೇ ಇನ್ನೊಂದು ಕತೆ ಇದೆ. ಬಾಲ್ಯದಲ್ಲಿ ಗುರುವಿಲ್ಲದೆ ಮುಸ್‌ಹಫ್ ನೋಡಿ ಓದಹೊರಟು, ಈ ಗ್ರಂಥದಲ್ಲಿ ‘ಸಂಶಯವಿಲ್ಲ’ (ಲಾ ರೈಬ) ಎಂಬುದನ್ನು ‘ಎಣ್ಣೆಯಿಲ್ಲ’ (ಲಾ ಝೈತ) ಎಂದು ಓದಿದರಂತೆ. ಹಾಳೆ ಬಿಟ್ಟು ಜನರ ಬಾಯಿಂದ ಕಲಿ ಎಂದು ತಂದೆ ಹೇಳಿದರಂತೆ. ಎಣ್ಣೆ ವ್ಯಾಪಾರಿಯಾಗಿದ್ದ ಅವರನ್ನು ಹಂಗಿಸಲು ಹೆಣೆದ ಕತೆ ಅದು. ಆದರೂ ಚುಕ್ಕಿಯಿಲ್ಲದ ಲಿಪಿಯ ಅಪಾಯವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕತೆ ನನಗೆ ಸಿಕ್ಕಿಲ್ಲ. ತಪ್ಪು ಓದಿಗೆ ಅರಬ್ಬಿಯಲ್ಲಿ ‘ತಸ್‌ಹೀಫ್’ ಎನ್ನುತ್ತಾರೆ, ಹಾಳೆ ಎಂಬ ಅರ್ಥದ ‘ಸಹೀಫಾ’ದಿಂದ ಬಂದ ಪದ. ಹಾಳೆಯಿಂದಲೇ ಕಲಿತವನ ಬಳಿ ಕುರ್‌ಆನ್ ಕಲಿಯಬೇಡಿ ಎಂಬುದು ವಿದ್ವಾಂಸರ ನಡುವೆ ನಾಣ್ಣುಡಿಯೇ ಆಯಿತು.

ನಮ್ಮ ಓದುಗರಿಗೆ ಇದು ಅಪರಿಚಿತ ಭಾವವೇನಲ್ಲ. ವೇದ ಪಠಿಸುವವರಲ್ಲಿ ಆರು ಬಗೆಯ ಅಧಮರನ್ನು ಪಾಣಿನೀಯ ಶಿಕ್ಷೆ ಎಣಿಸುತ್ತದೆ. ಹಾಡಿದಂತೆ ಓದುವವನು, ಅವಸರದಿಂದ ಓದುವವನು, ತಲೆಯಾಡಿಸುವವನು, ಇವರ ಸಾಲಿನಲ್ಲೇ ‘ಲಿಖಿತಪಾಠಕ’, ಬರೆದದ್ದನ್ನು ನೋಡಿ ಓದುವವನೂ ಇದ್ದಾನೆ.

ಉಸ್ಮಾನರಿಗೂ ಇದು ತಿಳಿದಿತ್ತು ಎಂದೇ ಪರಂಪರೆ ಹೇಳುತ್ತದೆ. ಪ್ರತಿಯೊಂದಿಗೆ ಓದಿ ಕಲಿಸುವವರೂ ಇರುವಂತೆ ನೋಡಿಕೊಂಡರು. ಕೂಫಾದಲ್ಲಿ ಆ ಪಾತ್ರ ಅಬೂ ಅಬ್ದುರ್ರಹ್ಮಾನ್ ಸುಲಮಿ ಅವರದು. ಅಲ್ಲಿನ ಮಸೀದಿಯಲ್ಲಿ ಅವರು ನಲವತ್ತು ವರ್ಷ ಪಾಠ ಹೇಳಿದರು. ಹಾಳೆ ಗೆದ್ದಿತು ನಿಜ, ಆದರೆ ಬಾಯಿಯ ಹಂಗಿಲ್ಲದೆ ಅದಕ್ಕೆ ಒಂದು ಸಾಲನ್ನೂ ನುಡಿಯಲಾಗಲಿಲ್ಲ.

ಸುಟ್ಟದ್ದು, ಉಳಿದದ್ದು

ಇಬ್ನ್ ಮಸ್‌ಊದರು 653ರ ಸುಮಾರಿಗೆ ಮದೀನಾದಲ್ಲಿ ತೀರಿಕೊಂಡರು. 656ರಲ್ಲಿ ಉಸ್ಮಾನರ ಮನೆಗೆ ಮುತ್ತಿಗೆ ಹಾಕಿದ ದಂಗೆಕೋರರ ದೂರುಗಳಲ್ಲಿ ಇದೂ ಒಂದು: ಕುರ್‌ಆನ್ ಹಲವು ಗ್ರಂಥಗಳಾಗಿತ್ತು, ನೀನು ಒಂದನ್ನು ಬಿಟ್ಟು ಉಳಿದದ್ದನ್ನು ಇಲ್ಲವಾಗಿಸಿದೆ. ಇತ್ತ ಅಲಿ ಅವರು, ನಾನು ಅಧಿಕಾರದಲ್ಲಿದ್ದರೂ ಇದನ್ನೇ ಮಾಡುತ್ತಿದ್ದೆ ಎಂದರೆಂಬ ವರದಿಯೂ ಇದೆ. ಅಲಿಯವರಿಗೆ ಉಸ್ಮಾನರೊಂದಿಗೆ ಇದ್ದ ಭಿನ್ನಾಭಿಪ್ರಾಯಗಳನ್ನು ಬಲ್ಲವರಿಗೆ ಈ ಮಾತಿನ ಬೆಲೆ ಗೊತ್ತು. ರಾಜ್ಯ ಒಡೆಯುವ ಭಯ ಸುಳ್ಳಾಗಿರಲಿಲ್ಲ ಎಂದು ನಾನೂ ಒಪ್ಪುತ್ತೇನೆ.

ಹಫ್ಸಾರ ಹಾಳೆಗಳದು ಇನ್ನೂ ಬೇಸರದ ಕತೆ. ಉಸ್ಮಾನರು ಮಾತಿನಂತೆ ಅವನ್ನು ಮರಳಿಸಿದ್ದರು. ಮದೀನಾದ ರಾಜ್ಯಪಾಲನಾದ ಮರ್ವಾನ್ ಮತ್ತೆ ಮತ್ತೆ ಕೇಳಿಕಳಿಸಿದರೂ ಹಫ್ಸಾ ಕೊಡಲಿಲ್ಲ. 665ರಲ್ಲಿ ಅವರು ತೀರಿಕೊಂಡು, ದಫನವಾದ ಕೂಡಲೇ ಅವನು ಅವರ ತಮ್ಮ ಅಬ್ದುಲ್ಲಾ ಬಿನ್ ಉಮರರಿಂದ ಹಾಳೆಗಳನ್ನು ತರಿಸಿ ನಾಶಮಾಡಿಸಿದ. ಮುಂದೆ ಯಾರಾದರೂ ಇವನ್ನು ನೋಡಿ ಸಂಶಯಪಟ್ಟಾರು ಎಂಬುದು ಅವನು ಕೊಟ್ಟ ಕಾರಣ. ಪ್ರಮಾಣ ಪ್ರತಿಗೆ ಆಧಾರವಾದ ಹಾಳೆಯೇ ಪ್ರಮಾಣ ಪ್ರತಿಗೆ ಅಪಾಯವಾಗಿ ಕಂಡಿತು.

ಎಲ್ಲವೂ ಬೂದಿಯಾಗಲಿಲ್ಲ. 1972ರಲ್ಲಿ ಯೆಮನ್‌ನ ಸನಾ ನಗರದ ಮಹಾ ಮಸೀದಿಯ ದುರಸ್ತಿಯ ವೇಳೆ ಹಳೆಯ ಹಾಳೆಗಳ ರಾಶಿ ಸಿಕ್ಕಿತು. ಅದರಲ್ಲಿದ್ದ ಕೆಲವು ಚರ್ಮದ ಹಾಳೆಗಳಲ್ಲಿ ಮೊದಲ ಬರಹವನ್ನು ಅಳಿಸಿ ಮೇಲೆ ಇನ್ನೊಂದು ಬರೆದಿದ್ದರು. ಮೇಲಿನದು ಉಸ್ಮಾನರ ಪಾಠ. ಅಳಿಸಿದ ಕೆಳಗಿನದು 7ನೇ ಶತಮಾನದ ಬೇರೆಯೇ ಪಾಠ. ಪದಗಳಲ್ಲಿಯೂ ಅಧ್ಯಾಯಗಳ ಕ್ರಮದಲ್ಲಿಯೂ ವ್ಯತ್ಯಾಸಗಳಿವೆ. ಇಬ್ನ್ ಮಸ್‌ಊದರಂಥವರ ಮುಸ್‌ಹಫ್‌ಗಳ ಬಗ್ಗೆ ಹಳಬರು ಬರೆದಿಟ್ಟದ್ದು ಕಟ್ಟುಕತೆಯಾಗಿರಲಿಲ್ಲ ಎಂಬುದಕ್ಕೆ ಇದು ಕಣ್ಣಾರೆ ಕಾಣುವ ಸಾಕ್ಷಿ.

ಕಾನೂನಿನಲ್ಲಿ ಉಳಿದ ಒಂದು ಪದವಂತೂ ನಮ್ಮ ಊರುಗಳವರೆಗೂ ಬಂದಿದೆ. ಆಣೆ ಮುರಿದವನ ಪ್ರಾಯಶ್ಚಿತ್ತವನ್ನು ಹೇಳುವ 5ನೇ ಅಧ್ಯಾಯದ 89ನೇ ಸೂಕ್ತ, ಬೇರೆ ದಾರಿ ಇಲ್ಲದವನು ಮೂರು ದಿನ ಉಪವಾಸ ಮಾಡಲಿ ಎನ್ನುತ್ತದೆ. ಇಬ್ನ್ ಮಸ್‌ಊದರ ಪಾಠದಲ್ಲಿ ‘ಎಡೆಬಿಡದೆ’ ಎಂಬ ಪದವೂ ಇತ್ತು. ಕೂಫಾದಲ್ಲಿ ಅವರ ಶಿಷ್ಯ ಅಲ್ಕಮಾ, ಅವರ ನಂತರ ಇಬ್ರಾಹೀಮ್ ನಖಯೀ, ಹಮ್ಮಾದ್, ಹೀಗೆ ಸಾಗಿದ ವಿದ್ಯೆಯ ಸಾಲು 767ರಲ್ಲಿ ತೀರಿಕೊಂಡ ಅಬೂ ಹನೀಫಾರನ್ನು ಮುಟ್ಟಿತು. ಅವರ ಹೆಸರಿನ ಹನಫಿ ನ್ಯಾಯಪಂಥ ಆ ಪದವನ್ನು ಪಠಣಕ್ಕೆ ಸೇರಿಸಲಿಲ್ಲ, ಆದರೆ ವಿಧಿಗೆ ಆಧಾರವಾಗಿ ಉಳಿಸಿಕೊಂಡಿತು. ಹೀಗಾಗಿ ಉತ್ತರ ಕರ್ನಾಟಕದ ಹನಫಿ ಮುಸ್ಲಿಮರಿಗೆ ಆ ಮೂರು ಉಪವಾಸಗಳು ಒಂದರ ಹಿಂದೊಂದು ಬರಬೇಕು. ಶಾಫಿ ಪಂಥದ ಭಟ್ಕಳದ ನವಾಯತರಿಗೆ, ಕರಾವಳಿಯ ಬ್ಯಾರಿಗಳಿಗೆ ನಡುವೆ ಬಿಡುವು ಬಂದರೂ ಸಲ್ಲುತ್ತದೆ.

ಬಾಗ್ದಾದಿನ ಎರಡು ವಿಚಾರಣೆಗಳು

ಬಾಯಿ ಮತ್ತು ಹಾಳೆಯ ಲೆಕ್ಕ ಕಾನೂನಿನಂತೆ ಇತ್ಯರ್ಥವಾಗಲು ಮುನ್ನೂರು ವರ್ಷ ಬೇಕಾಯಿತು. 10ನೇ ಶತಮಾನದ ಬಾಗ್ದಾದಿನಲ್ಲಿ ಇಬ್ನ್ ಮುಜಾಹಿದ್ ಎಂಬ ವಿದ್ವಾಂಸ ಏಳು ಪಾಠಪರಂಪರೆಗಳನ್ನು ಆರಿಸಿ ನಿಲ್ಲಿಸಿದರು. ಅವರ ಕಾಲದಲ್ಲೇ ಇಬ್ಬರನ್ನು ವಿಚಾರಣೆಗೆ ಎಳೆಯಲಾಯಿತು. 934ರಲ್ಲಿ ಇಬ್ನ್ ಮಿಕ್ಸಮ್: ಉಸ್ಮಾನರ ಲಿಪಿಗೆ ಹೊಂದಿದರೆ, ವ್ಯಾಕರಣ ಸರಿಯಿದ್ದರೆ, ಗುರುಪರಂಪರೆ ಇಲ್ಲದಿದ್ದರೂ ಹಾಗೆ ಓದಬಹುದು ಎಂಬುದು ಅವರ ವಾದ. 935ರಲ್ಲಿ ಇಬ್ನ್ ಶನಬೂಝ್: ಗುರುಪರಂಪರೆ ಇದ್ದರೆ ಉಸ್ಮಾನರ ಲಿಪಿಗೆ ಹೊಂದದಿದ್ದರೂ ಇಬ್ನ್ ಮಸ್‌ಊದ್ ಮತ್ತು ಪ್ರವಾದಿಯವರು ಹೆಸರಿಸಿದ ಆ ನಾಲ್ವರಲ್ಲಿ ಇನ್ನೊಬ್ಬರಾದ ಉಬಯ್ ಅವರ ಪಾಠಗಳನ್ನು ನಮಾಝಿನಲ್ಲಿ ಓದಬಹುದು ಎಂದು ಅವರು ನಡೆದುಕೊಂಡರು. ಇಬ್ಬರೂ ತಪ್ಪೊಪ್ಪಿಕೊಳ್ಳಬೇಕಾಯಿತು, ಎರಡನೆಯವರಿಗೆ ಚಾಟಿಯೇಟೂ ಬಿದ್ದಿತು. ಚಾಟಿ ಬೀಸಿಸಿದ ವಜೀರ ಇಬ್ನ್ ಮುಕ್ಲಾ ಅರಬ್ಬಿ ಲಿಪಿಗೆ ಅಳತೆಯ ಸೂತ್ರ ಕೊಟ್ಟ ಹೆಸರಾಂತ ಲಿಪಿಗಾರ. ಹಾಳೆಯನ್ನು ಮಾತ್ರ ನಂಬಿದವನಿಗೂ ಬಾಯಿಯನ್ನು ಮಾತ್ರ ನಂಬಿದವನಿಗೂ ಒಂದೇ ಗತಿ. ಇನ್ನು ಮೇಲೆ ಪಾಠಕ್ಕೆ ಎರಡರ ಒಪ್ಪಿಗೆಯೂ ಬೇಕಿತ್ತು.

ಇಂದು ಬೀದರಿನಿಂದ ಮಂಗಳೂರಿನವರೆಗೆ ಮದರಸಾಗಳಲ್ಲಿ ಮಕ್ಕಳು ಕಂಠಸ್ಥ ಮಾಡುವುದು ಹಫ್ಸ್ ಎಂಬವರ ಮೂಲಕ ಬಂದ ಆಸಿಮ್‌ರ ಪಾಠವನ್ನು. 1924ರ ಕೈರೋ ಮುದ್ರಣದಲ್ಲಿರುವುದೂ ಅದೇ, ಲೋಕದ ಹೆಚ್ಚಿನ ಭಾಗದಲ್ಲಿ ಕೇಳಿಬರುವುದೂ ಅದೇ. ಆಸಿಮ್ ಕೂಫಾದವರು, ಸುಲಮಿಯವರ ಶಿಷ್ಯರು. ಕೈರೋ ಪ್ರತಿಯ ಕೊನೆಯ ಟಿಪ್ಪಣಿ ಸುಲಮಿಯವರ ಗುರುಗಳೆಂದು ಉಸ್ಮಾನ್, ಅಲಿ, ಝೈದ್, ಉಬಯ್ ಎಂಬ ನಾಲ್ಕು ಹೆಸರುಗಳನ್ನು ಅಚ್ಚು ಮಾಡಿದೆ. ಆದರೆ ಇಡೀ ಕುರ್‌ಆನನ್ನು ಗುರುವಿನೆದುರು ಕುಳಿತು ಬಾಯಿಪಾಠ ಒಪ್ಪಿಸಿದ ಶಿಷ್ಯನಿಗೆ ಸಿಗುವ ಇಜಾಝಾ ಎಂಬ ಅನುಮತಿಪತ್ರದಲ್ಲಿ, 15ನೇ ಶತಮಾನದ ಇಬ್ನುಲ್ ಜಝರಿ ದಾಖಲಿಸಿದ ಸರಣಿಯಂತೆ, ಅದೇ ಜಾಗದಲ್ಲಿ ಐದು ಹೆಸರುಗಳು ಬರುತ್ತವೆ. ಐದನೆಯದು ಅಬ್ದುಲ್ಲಾ ಬಿನ್ ಮಸ್‌ಊದ್, ಅದೇ ಸಾಲಿನಲ್ಲಿ, ಝೈದ್‌ರ ಜೊತೆಗೇ.